ಪೂಜೆಯ ದಿನ ಉತ್ತರಿಸಿದ ಹದಿನಾಲ್ಕನೇ ನಂಬರ್

ದೆವ್ವ, ಭೂತ, ಶಕುನ ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಹೋಗುವವರ ಪೈಕಿಯವನಾಗಿದ್ದೆ. ಹೇಳುವವರು ಹತ್ತಿರದವರಾದರೆ ಕೂತು ನಕ್ಕುಬಿಡುತ್ತಿದ್ದೆ. ಶಿವಮೊಗ್ಗದಲ್ಲಿ ಒಂದು ಮಳಿಗೆ ಬಾಡಿಗೆಗೆ ಹಿಡಿದು, ಬೆಂಗಳೂರಿನಿಂದ ಚೌಕಾಸಿ ಮಾಡಿ ಕೇಬಲ್ ತಂದು, ಯಾವ ಕೋರ್ಸನ್ನೂ ಮಾಡದೆ ಕಂಪ್ಯೂಟರ್ ಜೋಡಿಸುವ ಕೆಲಸ ಕಲಿತವನು ನಾನು. ನನ್ನ ಕಸುಬಿನಲ್ಲಿ ಕಾರಣವಿಲ್ಲದೆ ಏನೂ ಕೆಡುವುದಿಲ್ಲ. ವೈರ್ ಸಡಿಲವಾಗಿರುತ್ತದೆ, ಇಲ್ಲವೇ ಇಲಿ ಕಡಿದಿರುತ್ತದೆ, ಇಲ್ಲವೇ ಯಾರೋ ಏನೋ ಮಾಡಿಟ್ಟು ‘ನಾನಲ್ಲ’ ಎನ್ನುತ್ತಿರುತ್ತಾರೆ. ಇದರಾಚೆಗೆ ಇನ್ನೊಂದು ಕಾರಣ ಇರಲಾರದು ಎಂದೇ ನಂಬಿದ್ದೆ. ಆ ನಂಬಿಕೆ ಒಂದು ಮಧ್ಯಾಹ್ನ ಭದ್ರಾವತಿಯಲ್ಲಿ ಅಲುಗಾಡಿತು. ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಊರಿಗೆ ಬ್ರಾಡ್‌ಬ್ಯಾಂಡ್ ಬಂದ ಹೊಸತು. ಭದ್ರಾವತಿಯ ನ್ಯೂಟೌನಿನಲ್ಲಿ ಪಂಪ್‌ಸೆಟ್ಟು, ಪೈಪುಗಳ ಸಗಟು ವ್ಯಾಪಾರ ಮಾಡುತ್ತಿದ್ದ ರುದ್ರಪ್ಪನವರ ಅಂಗಡಿಗೆ ನಾನೇ ಕಂಪ್ಯೂಟರ್ ಹಾಕಿಕೊಟ್ಟಿದ್ದೆ. ಬಿಲ್ಲಿಂಗಿಗೆ ಒಂದು, ಗೋಡೌನಿಗೆ ಒಂದು, ಯಜಮಾನರ ಮೇಜಿಗೆ ಒಂದು. ಮೂರರ ವೈರುಗಳೂ ರೌಟರ್ ಎಂಬ ಚಿಕ್ಕ ಪೆಟ್ಟಿಗೆಗೆ ಬಂದು ಸೇರುತ್ತಿದ್ದವು. ಅಲ್ಲಿಂದ ಹೊರಗೆ ಒಂದೇ ಲೈನು. ತಿಳಿಯದವರಿಗಾಗಿ ಹೇಳಿಬಿಡುತ್ತೇನೆ. ಹೊರಜಗತ್ತಿಗೆ ಕಾಣುವಂತೆ ಇಡೀ ಅಂಗಡಿಗೆ ಇರುವುದು ಒಂದೇ ವಿಳಾಸ. ಒಳಗೆ ಮಾತ್ರ ಒಂದೊಂದು ಮೆಷಿನ್ನಿಗೂ ಬೇರೆ ಬೇರೆ ನಂಬರ್. ಒಳಗಿನಿಂದ ಯಾರು ಏನೇ ಕಳಿಸಲಿ, ರೌಟರ್ ಆ ಒಳನಂಬರನ್ನು ತೆಗೆದು ಹೊರಗಿನ ವಿಳಾಸ ಹಾಕಿ ಕಳಿಸುತ್ತದೆ. ಉತ್ತರ ಬಂದಾಗ ಕೇಳಿದ ಮೆಷಿನ್ನಿಗೇ ಮುಟ್ಟಿಸುತ್ತದೆ. ಒಳನಂಬರುಗಳನ್ನು ರೌಟರ್ ತಾನೇ ಹಂಚಬಲ್ಲದು. ಆದರೆ ಇವತ್ತಿನ ನಂಬರ್ ನಾಳೆ ಇನ್ನೊಬ್ಬರದಾಗುತ್ತದೆ. ನಾನು ಅದನ್ನು ನಿಲ್ಲಿಸಿ ಕೈಯಾರೆ ಕೊಡುತ್ತಿದ್ದೆ. ನೀವೂ ಅಂಗಡಿ ಇಟ್ಟಿದ್ದರೆ ಹಾಗೇ ಮಾಡಿಸಿ. ಮೇಜಿಗೊಂದು ಕಾಯಂ ನಂಬರ್ ಇದ್ದರೆ, ಎಡವಟ್ಟು ಎಲ್ಲಾಯಿತೆಂದು ಹುಡುಕುವ ತಾಪತ್ರಯ ತಪ್ಪುತ್ತದೆ.

ಬಿಲ್ಲಿಂಗ್ ಮೆಷಿನ್ನಿಗೆ ನಾನು ಕೊಟ್ಟಿದ್ದು ಹದಿನಾಲ್ಕು. ಅದರ ಮುಂದೆ ಕೂರುತ್ತಿದ್ದವಳು ಸೆಲ್ವಿ, ಕಾಗದನಗರದ ಪೇಪರ್ ಮಿಲ್ ಕ್ವಾರ್ಟರ್ಸಿನ ಹುಡುಗಿ. ಅಪ್ಪ ಹಾಸಿಗೆ ಹಿಡಿದಿದ್ದರು. ಮನೆ ನಡೆಯುತ್ತಿದ್ದುದು ಅವಳ ಸಂಬಳದಲ್ಲಿ.

ಆ ವರ್ಷ ದಸರಾಕ್ಕೆ ಮುಂಚೆ ರುದ್ರಪ್ಪನವರ ರೇಟುಗಳು ಶಿವಮೊಗ್ಗದ ಎದುರಾಳಿ ಅಂಗಡಿಗೆ, ಗಿರಾಕಿಗಳಿಗೆ ಹೇಳುವ ಮೊದಲೇ ತಲುಪತೊಡಗಿದವು. ಪರಿಚಯದವರೊಬ್ಬರು ಅಂಥ ಒಂದು ಈಮೇಲನ್ನೇ ತಂದು ತೋರಿಸಿದರು. ಅದು ಹೊರಟಿದ್ದು ರುದ್ರಪ್ಪನವರ ಅಂಗಡಿಯ ವಿಳಾಸದಿಂದಲೇ. ಅಂದರೆ ಒಳಗಿನವರ ಕೆಲಸ. ರೌಟರಿನಲ್ಲಿ ನೋಡಿದೆ, ಆ ಹೊತ್ತಿಗೆ ಹೊರಗೆ ಹೋಗಿದ್ದುದು ಹದಿನಾಲ್ಕು ಮಾತ್ರ. ಕಂಡದ್ದನ್ನು ಹೇಳಿದೆ. ಹಬ್ಬ ಮುಗಿದ ಮೇಲೆ ಅವಳನ್ನು ಕೆಲಸದಿಂದ ತೆಗೆಯುವುದೆಂದು ರುದ್ರಪ್ಪನವರು ನಿರ್ಧರಿಸಿದರು. ಮಾತು ಅವಳ ಕಿವಿಗೂ ಬಿತ್ತು. ರೇಟು ಮಾರಿಕೊಂಡವಳೆಂದು ಒಂದು ಅಂಗಡಿಯಿಂದ ಹೊರಬಿದ್ದರೆ, ಭದ್ರಾವತಿಯಲ್ಲಿ ಎಸ್‌ಟಿಡಿ ಬೂತಿನಲ್ಲಿ ಕೂರಲೂ ಯಾರೂ ಕರೆಯುವುದಿಲ್ಲ.

ಆಯುಧಪೂಜೆಗೆ ನನ್ನನ್ನೂ ಕರೆದಿದ್ದರು. ಆ ಮನೆತನದ ಕ್ರಮವೆಂದರೆ, ಯಂತ್ರಕ್ಕೆ ವಿಭೂತಿ ಬಳಿದು ಹೂವಿಟ್ಟ ಮೇಲೆ ಮರುದಿನ ಬೆಳಗಿನ ತನಕ ಅದನ್ನು ಮುಟ್ಟುವಂತಿಲ್ಲ. ತಕ್ಕಡಿಯಿಂದ ಹಿಡಿದು ಮೂರು ಕಂಪ್ಯೂಟರಿನವರೆಗೆ ಎಲ್ಲಕ್ಕೂ ಚೆಂಡುಹೂವಿನ ಹಾರ. ಕಂಪ್ಯೂಟರುಗಳ ಪ್ಲಗ್ಗನ್ನೂ ಕಿತ್ತು ಪಕ್ಕಕ್ಕಿಟ್ಟಿದ್ದರು. ರೌಟರನ್ನು ಮಾತ್ರ ಹಾಗೇ ಬಿಟ್ಟಿದ್ದರು. ಅದರ ಹಸಿರು ದೀಪ ತೋರಿಸಿ ರುದ್ರಪ್ಪನವರು, “ಹಬ್ಬದ ದಿನ ಉರಿಯೋ ದೀಪ ಆರಿಸಬಾರ್ದು” ಎಂದಿದ್ದರಂತೆ. ನನಗೆ ನಗು ಬಂತು.

ಮಂಡಕ್ಕಿ, ಸಿಹಿ ಹಂಚಿ ಹಮಾಲರೆಲ್ಲ ಹೋದ ಮೇಲೆ ಉಳಿದವರು ಮೂವರೇ. ಸೆಲ್ವಿ ಪ್ರಸಾದದ ಪೊಟ್ಟಣವನ್ನು ಬಿಚ್ಚದೆ ಕೈಯಲ್ಲೇ ಹಿಡಿದು ನನ್ನ ಮುಂದೆ ಬಂದು ನಿಂತಳು.

“ಸಾರ್, ಹದಿನಾಲ್ಕು ಅಂತ ನಂಬರ್ ಕೊಟ್ಟೋರು ನೀವು. ನಾನೇನ್ ಕೇಳಿದ್ನಾ? ಆ ನಂಬರ್ ಏನೋ ಮಾಡಿದ್ರೆ ನಾನು ಕಳ್ಳೀನಾ?”

“ನಂಬರ್ ಸುಳ್ಳು ಹೇಳಲ್ಲಮ್ಮ. ಬಾ, ತೋರಿಸ್ತೀನಿ” ಎಂದು ಲ್ಯಾಪ್‌ಟಾಪ್ ತೆಗೆದೆ.

“ಇವತ್ತು ಮೆಷಿನ್ ಮುಟ್ಟೋ ಹಂಗಿಲ್ಲ ಮಾರಾಯ” ಎಂದರು ರುದ್ರಪ್ಪನವರು.

“ಇದು ನಂದು ಯಜಮಾನ್ರೆ. ಇದಕ್ಕಿನ್ನೂ ಪೂಜೇನೇ ಆಗಿಲ್ಲ.”

“ಅದಕ್ಕೇ ನಿನ್ನ ಬಿಸಿನೆಸ್ ಹಿಂಗಿರೋದು.”

ರೌಟರಿಗೆ ವೈರ್ ಸಿಕ್ಕಿಸಿದೆ. ಅವಳಿಗೆ ಹಳೆಯ ದಾಖಲೆ ತೋರಿಸಲು ಹೊರಟವನಿಗೆ ಕಂಡದ್ದು ಬೇರೆಯೇ. ಹದಿನಾಲ್ಕು ಆಗಲೇ, ಆ ಕ್ಷಣದಲ್ಲೇ, ಹೊರಗೆ ಮಾತಾಡುತ್ತಿತ್ತು. ತಿರುಗಿ ನೋಡಿದೆ. ಬಿಲ್ಲಿಂಗ್ ಮೆಷಿನ್ ಹಾರ ಹಾಕಿಕೊಂಡು ಸುಮ್ಮನೆ ಕೂತಿತ್ತು. ಅದರ ಪ್ಲಗ್ಗು ನೆಲದ ಮೇಲೆ ಬಿದ್ದಿತ್ತು.

‘ಇದ್ದೀಯಾ’ ಎಂದು ಒಂದು ನಂಬರನ್ನು ಕೇಳುವ ಕಮಾಂಡ್ ಇದೆ. ಕೇಳಿದೆ. ಹದಿನಾಲ್ಕು ‘ಇದ್ದೇನೆ’ ಎಂದಿತು. ಪರದೆಯ ಮೇಲೆ ಸಾಲಿನ ಕೆಳಗೆ ಸಾಲು ಬರತೊಡಗಿತು. ನನ್ನ ಲ್ಯಾಪ್‌ಟಾಪಿಗೇ ಆ ನಂಬರ್ ಬಿದ್ದಿದೆಯೇ ಎಂದು ನೋಡಿದೆ, ಬಿದ್ದಿರಲಿಲ್ಲ. ಬಿಲ್ಲಿಂಗಿನ ವೈರನ್ನು ರೌಟರಿನಿಂದ ಕಿತ್ತೆ. ಉತ್ತರ ಬರುತ್ತಲೇ ಇತ್ತು. ಗೋಡೌನಿನದನ್ನು ಕಿತ್ತೆ, ಯಜಮಾನರದನ್ನೂ ಕಿತ್ತೆ. ಕೊನೆಗೆ ಹೊರಗಿನ ಲೈನನ್ನೇ ತೆಗೆದುಬಿಟ್ಟೆ. ಈಗಿನ ಹಾಗೆ ವೈರಿಲ್ಲದೆ ಸೇರಿಕೊಳ್ಳುವ ಸೌಕರ್ಯ ಆ ಪೆಟ್ಟಿಗೆಗೆ ಇರಲಿಲ್ಲ. ಉಳಿದದ್ದು ಅದು, ಮತ್ತು ನಾನು. ಆದರೂ ಹದಿನಾಲ್ಕು ‘ಇದ್ದೇನೆ, ಇದ್ದೇನೆ’ ಎನ್ನುತ್ತಲೇ ಇತ್ತು.

ರೌಟರನ್ನೇ ಆರಿಸೋಣ ಎಂದು ಕೈ ಚಾಚಿದೆ. ಸೆಲ್ವಿ ಅಡ್ಡ ಬಂದಳು.

“ಆರಿಸ್ಬೇಡಿ ಸಾರ್. ಯಜಮಾನ್ರು ಸರಿಯಾಗಿ ನೋಡ್ಲಿ. ನನ್ನ ಮೆಷಿನ್ ಅಲ್ಲಿದೆ, ನಾನು ಇಲ್ಲಿದೀನಿ. ಅದು ಇನ್ನೂ ಮಾತಾಡ್ತಿದೆ. ಈಗ ಆರಿಸಿದ್ರೆ ನಾಳೆ ಇದನ್ನ ಯಾರು ನಂಬ್ತಾರೆ?”

ರುದ್ರಪ್ಪನವರು ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕೂತರು. ಇಂಗ್ಲಿಷ್ ಓದಲು ಬಾರದಿದ್ದರೂ ಒಂದೇ ಥರದ ಸಾಲುಗಳು ಬರುತ್ತಿರುವುದು ಅವರಿಗೆ ಕಾಣುತ್ತಿತ್ತು. ಎದ್ದು ಹೋಗಿ ಬಿಲ್ಲಿಂಗ್ ಮೆಷಿನ್ನಿನ ಪ್ಲಗ್ಗನ್ನು ಕಾಲಿನಿಂದ ಸರಿಸಿ ನೋಡಿದರು, ಮತ್ತೆ ಬಂದು ಕೂತರು. ನಾನು ಮಾತ್ರ ಕೂತಲ್ಲಿ ಕೂರಲಾರದೆ ಗೋಡೆಯುದ್ದಕ್ಕೂ ವೈರ್ ತಡವುತ್ತ ಓಡಾಡುತ್ತಿದ್ದೆ. ಆಮೇಲೆ ಸಾಲುಗಳು ತಾವಾಗಿಯೇ ನಿಂತವು.

ರುದ್ರಪ್ಪನವರು ನನ್ನ ಕಡೆ ನೋಡಲಿಲ್ಲ. “ಸೆಲ್ವಿ, ನಾಳೆ ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಬಾ. ಮೊದಲ್ನೇ ಬಿಲ್ ನೀನೇ ಹಾಕ್ಬೇಕು” ಎಂದರು. ಅವಳು ಆಗ ಪೊಟ್ಟಣ ಬಿಚ್ಚಿ ಮಂಡಕ್ಕಿ ಬಾಯಿಗೆ ಹಾಕಿಕೊಂಡಳು.

ಅಂಗಡಿಗೆ ಹೊಸ ರೌಟರ್ ಹಾಕಿ, ಹಳೆಯದನ್ನು ಶಿವಮೊಗ್ಗಕ್ಕೆ ತಂದು ದಿನಗಟ್ಟಲೆ ಕೆದಕಿದೆ. ಏನೂ ಸಿಗಲಿಲ್ಲ. ಶಂಕರಘಟ್ಟದ ಯೂನಿವರ್ಸಿಟಿಯಲ್ಲಿ ಕಂಪ್ಯೂಟರ್ ಪಾಠ ಮಾಡುವ ಪರಿಚಯದ ಮೇಷ್ಟ್ರೊಬ್ಬರನ್ನು ಕೇಳಿದೆ. ಹೊರಗಿನಿಂದ ಯಾರೋ ನುಗ್ಗಿರಬೇಕು ಎಂದರು. ಹೊರಗಿನ ಲೈನ್ ಕಿತ್ತ ಮೇಲೂ ಉತ್ತರ ಬಂತಲ್ಲ ಎಂದೆ. ಅವರು ಟೀ ತರಿಸಿದರು. ರೇಟು ಸೋರುವುದು ಮಾತ್ರ ಆ ಹಬ್ಬದಿಂದಾಚೆ ನಿಂತುಹೋಯಿತು. ಸೋರಿಸಿದವರು ಯಾರೆಂದು ಇಂದಿಗೂ ಗೊತ್ತಾಗಿಲ್ಲ.

ರುದ್ರಪ್ಪನವರು ಇರುವ ತನಕ ಸಿಕ್ಕಾಗೆಲ್ಲ, “ಗೊತ್ತಾಯ್ತೇನೋ?” ಎಂದು ಕೇಳುತ್ತಿದ್ದರು. ಏನಾದರೊಂದು ಕಾರಣ ಹೊಂದಿಸಿ ಹೇಳುವುದು ನನಗೆ ಕಷ್ಟವಾಗಿರಲಿಲ್ಲ. ಗಿರಾಕಿಗಳಿಗೆ ಹಾಗೆ ಎಷ್ಟೋ ಹೇಳಿದ್ದೇನೆ. ಇದಕ್ಕೆ ಮಾತ್ರ ನಾಲಿಗೆ ಏಳಲಿಲ್ಲ. ಸೆಲ್ವಿ ಒಂದು ದಿನವೂ ಕೇಳಲಿಲ್ಲ. ಒಮ್ಮೆ ನಾನೇ ಆ ವಿಷಯ ಎತ್ತಿ, ಇನ್ನೂ ಹುಡುಕುತ್ತಿದ್ದೇನೆ ಎಂದೆ. ಅವಳು ಬಿಲ್ಲು ಹೊಡೆಯುವುದನ್ನು ನಿಲ್ಲಿಸದೆ, “ಗೊತ್ತಾದ್ರೆ ನಂಗೆ ಹೇಳ್ಬೇಡಿ ಸಾರ್” ಎಂದಳು. ಎದುರಿನವರ ಮುಖ ಓದಿಯೇ ಚೌಕಾಸಿ ಮಾಡಿ ಬದುಕಿದವನು ನಾನು. ಆ ಮುಖದಲ್ಲಿ ಏನಿತ್ತೆಂದು ಓದಲಾಗಲಿಲ್ಲ.

ಈಗಲೂ ಯಾವ ಅಂಗಡಿಯಲ್ಲೇ ಆಗಲಿ, ಕೆಲಸ ಮುಗಿಸಿ ಮೆಷಿನ್ನುಗಳನ್ನೆಲ್ಲ ಆರಿಸಿದ ಮೇಲೆ, ಯಾರಿಗೂ ಕೊಡದ ನಂಬರೊಂದನ್ನು ‘ಇದ್ದೀಯಾ’ ಎಂದು ಕೇಳಿ ನೋಡುತ್ತೇನೆ. ಉತ್ತರ ಬರುವುದಿಲ್ಲ. ಬರಲಿಲ್ಲವೆಂದು ಸಮಾಧಾನವಾಗಬೇಕು. ಆಗುವುದಿಲ್ಲ, ಇನ್ನೊಮ್ಮೆ ಕೇಳುತ್ತೇನೆ.