ಎದುರುಬದುರು ಕಿಟಕಿಗಳು

ಇವತ್ತು ಬೆಳಿಗ್ಗೆ ಗೋಡೆಯ ಕ್ಯಾಲೆಂಡರ್ ಮತ್ತೆ ಪಟಪಟ ಹೊಡೆದುಕೊಂಡಿತು. ಯಾರೋ ಬಂದರೇನೋ ಎಂದು ಅಡುಗೆಮನೆಯಿಂದ ಪಡಸಾಲೆಗೆ ಓಡಿದೆ. ಗಾಳಿ! ಚಳ್ಳಕೆರೆಯಲ್ಲಿ ನಾನು ಕಟ್ಟಿಸಿದ ಈ ಹೊಸ ಮನೆಗೆ ದಿನವೂ ತಪ್ಪದೆ ಬರುವ ನೆಂಟ ಅದೊಂದೇ. ಕರೆದವನು ನಾನೇ ಆದ್ದರಿಂದ ಬೈಯುವ ಹಾಗೂ ಇಲ್ಲ.

ಗಾಳಿಯ ವಿಷಯದಲ್ಲಿ ನನ್ನನ್ನು ಅರೆಬರೆ ಪಂಡಿತನೆಂದು ತಿಳಿಯಬೇಡಿ. ಮೂವತ್ತು ವರ್ಷ ಈ ಊರಿನ ಮನೆಮನೆಗೆ ಹೋಗಿ ಕರೆಂಟ್ ಮೀಟರ್ ಓದಿದವನು. ಹೊಸ್ತಿಲ ಬಳಿ ನಿಂತರೆ ಸಾಕು, ಯಾವ ಮನೆ ಉಸಿರಾಡುತ್ತದೆ, ಯಾವುದು ಬೇಯುತ್ತದೆ ಎಂದು ಹೇಳಿಬಿಡುತ್ತಿದ್ದೆ. ಯಾರೂ ಕೇಳುತ್ತಿರಲಿಲ್ಲ, ಆದರೂ ಹೇಳುತ್ತಿದ್ದೆ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರಲ್ಲ, ಎರಡನೆಯದರ ತಂಟೆಗೇ ಹೋಗದ ನಾನು ನಿವೃತ್ತನಾದ ಮೇಲೆ ಮೊದಲನೆಯದಕ್ಕೆ ಕೈಹಾಕಿದೆ. ಒಬ್ಬನಿಗೆ ಇಷ್ಟು ದೊಡ್ಡ ಮನೆ ಯಾಕೆ ಎಂದವರಿಗೆಲ್ಲ ‘ಅಕ್ಕ ಬರ್ತಾಳೆ’ ಎಂದೆ.

ಅಕ್ಕ ಇರುವುದು ಮೊಳಕಾಲ್ಮೂರಿನಲ್ಲಿ. ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅವಳೇ. ನಡುಕೋಣೆಯ ನೆಲದಲ್ಲಿ ತೋಡಿದ ಕುಣಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ರೇಷ್ಮೆ ಸೀರೆ ನೇಯುವ ಅಕ್ಕ. ನನ್ನ ಬಾಲ್ಯವೆಂದರೆ ಹೆಚ್ಚುಕಡಿಮೆ ಇಷ್ಟೇ. ಗಾಳಿ ತಾಗಿದರೆ ರೇಷ್ಮೆ ಒಣಗಿ ಎಳೆ ಕಡಿಯುತ್ತದೆ. ಹಾಗಾಗಿ ಕಡುಬೇಸಿಗೆಯಲ್ಲೂ ಕಿಟಕಿ ಮುಚ್ಚಿಯೇ ಇರುತ್ತಿತ್ತು. ಓದುವ ನೆಪದಲ್ಲಿ ನಾನು ಅದರ ಒಂದು ಬಾಗಿಲು ಸರಿಸಿದರೆ ಸಾಕು, ‘ತಮ್ಮಾ, ಗಾಳಿ!’ ಎಂದು ಕೂಗುತ್ತಿದ್ದಳು. ಅವಳ ಬೆನ್ನ ಮೇಲೆ ಬೆವರು ಇಳಿಯುವುದನ್ನು ನೋಡುತ್ತ, ದೊಡ್ಡವನಾದ ಮೇಲೆ ಇವಳಿಗೆ ಗಾಳಿಯಾಡುವ ಮನೆ ಕಟ್ಟಿಸುತ್ತೇನೆ ಎಂದುಕೊಳ್ಳುತ್ತಿದ್ದೆ. ಅವಳಿಗೆ ಹೇಳಿರಲಿಲ್ಲ.

ಹಾಗೆಯೇ ಕಟ್ಟಿಸಿದೆ. ಪ್ರತಿ ಕೋಣೆಯಲ್ಲೂ ಎದುರುಬದುರು ಕಿಟಕಿ. ಮೇಲೇರಿದ ಬಿಸಿ ಹೊರಹೋಗಲು ಸೂರಿನಡಿ ಬೆಳಕಿಂಡಿ. ಚಳಿಗಾಲವನ್ನೂ ಮರೆಯಲಿಲ್ಲ. ಮಗ್ಗ ತುಳಿದು ತುಳಿದು ಅಕ್ಕನ ಮಂಡಿ ಹಿಡಿದುಕೊಂಡಿವೆ. ಅದಕ್ಕೇ ಬಚ್ಚಲ ಒಲೆಯ ಹಿಂದಿನ ಗೋಡೆಗೆ ಹೊಂದಿಕೊಂಡಂತೆ ಅವಳ ಕೋಣೆ, ಹಂಡೆಯ ನೀರು ಕಾದರೆ ಗೋಡೆಯೂ ಕಾಯಲಿ ಎಂದು. ಅದೇ ಕೋಣೆಯ ಕಿಟಕಿಗಳಿಗೆ, ಮುಚ್ಚುವ ಆಸೆಯೇ ಬರಬಾರದೆಂದು, ಬಾಗಿಲನ್ನೇ ಇಡಿಸಲಿಲ್ಲ. ಬರೀ ಸರಳು, ಸೊಳ್ಳೆ ಪರದೆ. ಒಂದು ಕಡೆಯಿಂದ ಕಾಯಿಸಿ ಇನ್ನೊಂದು ಕಡೆಯಿಂದ ಆರಿಸುವ ಬುದ್ಧಿವಂತಿಕೆ ನನ್ನದು.

‘ಸಾರ್, ಮನೆ ಕಟ್ತಿದೀವೋ, ಜರಡಿ ಮಾಡ್ತಿದೀವೋ?’ ಎಂದು ಮೇಸ್ತ್ರಿ ನಕ್ಕಿದ್ದ.

ಗೃಹಪ್ರವೇಶಕ್ಕೆ ಅಕ್ಕ ಬಂದಳು. ಕೋಣೆ ಕೋಣೆ ತಿರುಗಿದಳು. ಬೆಳಿಗ್ಗೆ ನೀರು ಕಾಸಿದ್ದ ಒಲೆಯಿಂದ ಬೆಚ್ಚಗಾಗಿದ್ದ ಗೋಡೆಗೆ ಅಂಗೈ ಒತ್ತಿ ಕಣ್ಣುಮುಚ್ಚಿ ನಿಂತಳು. ನನಗೆ ಹಿಗ್ಗೋ ಹಿಗ್ಗು. ಆಮೇಲೆ ಹಾರುವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ ಕೇಳಿದಳು: ‘ಮಗ್ಗ ಎಲ್ಲಿ ಹಾಕ್ಲಿ ತಮ್ಮಾ?’

‘ಇನ್ನೂ ಯಾಕಕ್ಕಾ ನೇಯೋದು? ನೇಯ್ದಿದ್ದು ಸಾಕು. ಆರಾಮಾಗಿರು.’

‘ಆರಾಮಾಗಿದ್ದು ಏನ್ ಮಾಡ್ಲಿ? ಮನೆ ಚಂದ ಐತೆ. ಆದ್ರೆ ಈ ಗಾಳಿಯಾಗೆ ಒಂದ್ ಎಳೇನೂ ನಿಲ್ಲಂಗಿಲ್ಲ. ನಾಳೆ ಮೊದಲ್ನೇ ಬಸ್ಸಿಗೆ ಹತ್ತಿಸ್ಬಿಡು.’

ಹತ್ತಿಸಿದೆ. ಕೋಪವೂ ಬಂದಿತ್ತು, ಕಿಟಕಿಯ ಹತ್ತಿರ ಕೂತ ಅವಳಿಗೆ ಕೈ ಕೂಡ ಬೀಸಲಿಲ್ಲ. ಆಮೇಲೆ ನಾನು, ಈ ಗಾಳಿ. ಅನ್ನ ಒಂದು ಲೋಟದಷ್ಟು ಬೇಯಿಸಿದರೂ ರಾತ್ರಿಗೆ ಮಿಗುತ್ತಿತ್ತು. ಊರಿನವರಿಗೆಲ್ಲ ಉಪದೇಶ ಮಾಡಿದವನು ನನ್ನಕ್ಕನನ್ನು ‘ನಿನಗೇನು ಬೇಕು’ ಎಂದು ಒಂದು ಸಲವೂ ಕೇಳಿರಲಿಲ್ಲ. ಆ ಮುಚ್ಚಿದ ಕೋಣೆಯಲ್ಲಿ ಅವಳು ಬೆವರುತ್ತಿದ್ದದ್ದು ನಿಜ. ಆದರೆ ಎಳೆಗಳನ್ನು, ಅಲ್ಲಿನ ನೇಕಾರರ ರೂಢಿಯಂತೆ, ತೆಲುಗಿನಲ್ಲಿ ಹಾಡಿನ ಹಾಗೆ ಎಣಿಸುತ್ತಿದ್ದಳು. ಅಂಚಿನಲ್ಲಿ ನವಿಲು ಮೂಡಿದಾಗೆಲ್ಲ ನನ್ನನ್ನು ಕರೆದು ತೋರಿಸುತ್ತಿದ್ದಳು. ಬೆವರು ನೆನಪಿಟ್ಟುಕೊಂಡು ನವಿಲು ಮರೆತಿದ್ದೆ. ಇದು ಹೊಳೆದದ್ದು ಮನೆಯಲ್ಲಿ ಯಾರೂ ಇಲ್ಲದಾಗ, ಅದೇ ನನಗೆ ತುಂಬ ಸಂಕಟ.

ಇವತ್ತು ಕ್ಯಾಲೆಂಡರನ್ನು ತೆಗೆದು ಸುತ್ತಿಟ್ಟು, ಒಂದಿಷ್ಟು ಇಟ್ಟಿಗೆ ತಾ ಎಂದು ಮೇಸ್ತ್ರಿಗೆ ಫೋನ್ ಮಾಡಿದೆ. ಇಟ್ಟಿಗೆ ಹೇರಿಕೊಂಡು ಬಂದ. ಅಕ್ಕನ ಕೋಣೆಯ ಕಿಟಕಿಗಳನ್ನು ಮುಚ್ಚಿ ನೆಲದಲ್ಲಿ ಮಗ್ಗದ ಕುಣಿ ತೋಡಬೇಕು ಎಂದಾಗ ತಲೆ ಕೆರೆದುಕೊಂಡ.

‘ಹೊಸಾ ಟೈಲ್ಸು ಸಾರ್! ಒಡೀಲಾ?’

‘ಒಡಿ.’

ಮೊದಲ ಏಟು ಬೀಳುವಾಗ ಅಕ್ಕನಿಗೆ ಫೋನ್ ಹಚ್ಚಿದ್ದೆ. ಅದೇನು ಸದ್ದು ಎಂದಳು. ಹೇಳಿದೆ. ‘ನಿನ್ ಕೋಣೆ ಹೆಂಗಿರ್ಬೇಕು ಅಕ್ಕಾ? ನೀನೇ ಹೇಳು.’

ಆ ಕಡೆ ಮಗ್ಗದ ಸದ್ದು ನಿಂತಿತು.

‘ಕಿಟಕಿಗೆ ಇಟ್ಟಿಗೆ ಕಟ್ಟಿಸ್ಬ್ಯಾಡ,’ ಎಂದಳು. ‘ಎಳೆ ಕಾಣಾಕೆ ಬೆಳಕು ಬೇಕು. ಗಾಜು ಹಾಕ್ಸು.’

ಬರುತ್ತೇನೆ ಎನ್ನಲಿಲ್ಲ. ನಾನೂ ಒತ್ತಾಯಿಸಲಿಲ್ಲ. ಮೇಸ್ತ್ರಿಯ ಕಡೆ ತಿರುಗಿ, ‘ಇಟ್ಟಿಗೆ ವಾಪಸ್ ಒಯ್ಯಿ, ಗಾಜು ತರಾಣ. ನೀನು ಕುಣಿ ತೋಡು,’ ಎಂದೆ.