ಪಾಸಿಂಗ್ ದಿನ ಬಿಚ್ಚಿಟ್ಟ ರಾಡು

“ಏನ್ರಿ ಮೇಡಂ, ಕಾರಿನೊಳಗ ಛತ್ರಿ ಯಾಕ ಹಿಂಗ ಅಡ್ಡ ಸಿಗಿಸೀರಿ?”

ಸಂಡೂರು ರಸ್ತೆಯಲ್ಲಿ ನನ್ನ ಕಾರು ನಿಲ್ಲಿಸಿದ ಪೊಲೀಸರು ಕಿಟಕಿಯಿಂದ ಬಗ್ಗಿ ನೋಡಿ ಕೇಳಿದ ಮೊದಲ ಪ್ರಶ್ನೆ ಇದು. ನಾನು ಹೊಸಪೇಟೆಗೆ ಬಂದು ಒಂಬತ್ತು ದಿನವಾಗಿತ್ತು. ಮುಂದೆ ಅದಿರಿನ ಲಾರಿ, ಹಿಂದೆ ಅದಿರಿನ ಲಾರಿ, ನಡುವೆ ನನ್ನ ಬಿಳಿ ಕಾರು. ಬಿಳಿ ಅನ್ನುವುದು ಆರ್‌ಸಿಯಲ್ಲಿ ಮಾತ್ರ, ಕಾರು ಆಗಲೇ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ನಾನು ಉಡುಪಿ ಕಡೆಯವಳು, ವರ್ಷಕ್ಕೆ ನಾಲ್ಕು ತಿಂಗಳು ಛತ್ರಿಯ ಕೆಳಗೇ ಬದುಕಿದವಳು. ಛತ್ರಿಗೂ ಬ್ರೇಕಿಗೂ ಇರುವ ವ್ಯತ್ಯಾಸವನ್ನು ನಡುರಸ್ತೆಯಲ್ಲಿ ವಿವರಿಸುವ ಅವಸ್ಥೆ ಬರುತ್ತದೆ ಅಂತ ಯಾರಿಗೆ ಗೊತ್ತಿತ್ತು ಮಾರಾಯ್ರೆ!

“ಛತ್ರಿ ಅಲ್ಲ ಸರ್, ಬ್ರೇಕು,” ಅಂದೆ.

ಊರಿನಲ್ಲಿ ಎಲ್ಲರಿಗೂ ಗೊತ್ತಿರುವುದನ್ನು ಇಲ್ಲಿ ಮೊದಲಿನಿಂದ ಹೇಳಬೇಕಾಯಿತು. ನನ್ನ ಬಲಗಾಲು ಚಿಕ್ಕಂದಿನಿಂದ ನನ್ನ ಮಾತು ಕೇಳುವುದಿಲ್ಲ. ಹಾಗಾಗಿ ಸ್ಟೇರಿಂಗಿನ ಕೆಳಗೆ ಒಂದು ಕಬ್ಬಿಣದ ರಾಡು ಕೂರಿಸಿದ್ದೇನೆ. ಮುಂದಕ್ಕೆ ಒತ್ತಿದರೆ ಬ್ರೇಕು, ಹಿಂದಕ್ಕೆ ಎಳೆದರೆ ಆಕ್ಸಿಲರೇಟರು. ಗೇರು ತಾನಾಗಿ ಬೀಳುವ ಕಾರು. ಎಡಗೈಯಲ್ಲಿ ರಾಡು, ಬಲಗೈಯಲ್ಲಿ ಸ್ಟೇರಿಂಗು. ಹಾಗೆ ಓಡಿಸಲು ಲೈಸೆನ್ಸೂ ಉಂಟು. ಪೊಲೀಸರು ಎಲ್ಲವನ್ನೂ ಕೇಳಿಸಿಕೊಂಡು, ಲೈಸೆನ್ಸು ನೋಡಿ ಸರಿ ಅಂದರು. ಆರ್‌ಸಿ ನೋಡಿ ತಲೆ ಆಡಿಸಿದರು.

“ಈ ರಾಡ್ ಇದರಾಗ ಎಲ್ಲೂ ಬರದಿಲ್ಲಲ್ರಿ. ನಾಳೆ ಏನಾರ ಆದ್ರ ಇನ್ಶೂರೆನ್ಸ್‌ನೋರು ಕೈ ಎತ್ತಿಬಿಡ್ತಾರ. ಇವತ್ತು ಮನಿಗೆ ಹೋಗ್ರಿ. ಪಾಸಿಂಗ್ ಮಾಡಿಸಿಕೊಂಡು ಆಮ್ಯಾಲ ಓಡಿಸ್ರಿ, ಅಲ್ಲೀತನ ಬ್ಯಾಡ.”

ಅವರು ಹೇಳಿದ್ದು ಸರಿಯೇ. ತಪ್ಪು ನನ್ನದು. ರಾಡು ಕೂರಿಸಿದ ವರ್ಕ್‌ಶಾಪಿನವರು ಕೊಟ್ಟ ಕಾಗದವನ್ನು ನಾನು ಸೀರೆಗಳ ಮಧ್ಯೆ ಇಟ್ಟು ಮರೆತಿದ್ದೆ. ನಮ್ಮೂರಿನಲ್ಲಿ ಕೇಳಿದವರಿಲ್ಲ, ಯಾಕೆಂದರೆ ಅಲ್ಲಿ ಕಾರಿನ ಒಳಗೆ ಯಾರಿದ್ದಾರೆ ಎಂದು ಎಲ್ಲರಿಗೂ ಗೊತ್ತು. ಇಲ್ಲಿ ಕಾರು ಮಾತ್ರ ಕಾಣುತ್ತದೆ.

ನಾನು ಸಂಡೂರಿನ ಒಂದು ಕಾಲೇಜಿಗೆ ವಾಣಿಜ್ಯ ಶಾಸ್ತ್ರದ ಅಧ್ಯಾಪಕಿಯಾಗಿ ಬಂದದ್ದು. ಆದರೆ ಅಲ್ಲಿ ನೋಡಿದ ಮನೆಗೆಲ್ಲ ಮೆಟ್ಟಿಲು. ಮೆಟ್ಟಿಲಿಲ್ಲದ ಮನೆ ಸಿಕ್ಕಿದ್ದು ಹೊಸಪೇಟೆಯಲ್ಲಿ. ಮನೆ ಒಡತಿ ಗೌರಮ್ಮನವರದು ಕಂಪ್ಲಿ ಕಡೆ ಅಕ್ಕಿ ಗಿರಣಿ. ಅವರು ಕೊಡುವ ಸಣ್ಣಕ್ಕಿ ಅನ್ನ ಬಾಯಿಗೆ ಹೋದದ್ದೇ ಗೊತ್ತಾಗುವುದಿಲ್ಲ. ಕುಚ್ಚಲಕ್ಕಿ ಗಂಜಿ ಉಂಡು ಬೆಳೆದ ನನಗೆ ಊಟವಾದ ಮೇಲೂ ಊಟವಾಯಿತೋ ಇಲ್ಲವೋ ಎಂಬ ಅನುಮಾನ. ಬೆಳಿಗ್ಗೆ ವಗ್ಗಾಣಿ, ಅಂದರೆ ನೆನೆಸಿ ಹಿಂಡಿದ ಮಂಡಕ್ಕಿಗೆ ಒಗ್ಗರಣೆ ಹಾಕಿದ್ದು, ಜೊತೆಗೆ ಬೆರಳುದ್ದದ ಮಿರ್ಚಿ. ಮೊದಲ ದಿನ ಕಣ್ಣಲ್ಲಿ ನೀರು ಬಂತು. ಗೌರಮ್ಮನವರು ಅದನ್ನು ಊರ ನೆನಪು ಅಂದುಕೊಂಡು ಬೆನ್ನು ಸವರಿದರು.

ಪೊಲೀಸರು ತಿರುಗಿಸಿ ಕಳಿಸಿದ ಮೇಲೆ ಬಸ್ಸು ಹಿಡಿದೆ. ಬಸ್ಸಿನ ಮೊದಲ ಮೆಟ್ಟಿಲು ನನ್ನ ಮೊಣಕಾಲಿಗಿಂತ ಮೇಲೆ. ಇಬ್ಬರು ಹೆಂಗಸರು ಮೇಲಿಂದ ಕೈ ಎಳೆದರು, ಕೆಳಗಿನಿಂದ ಒಬ್ಬಾಕೆ “ಹತ್ರಿ ಯವ್ವಾ, ಹತ್ರಿ” ಅಂತ ನೂಕಿದಳು. ಮನಸ್ಸು ಒಳ್ಳೆಯದೇ, ಆದರೆ ದಿನಾ ಎರಡು ಸಲ ಮೂಟೆಯಾಗುವುದು ಯಾರಿಗೆ ಬೇಕು? ನನಗೆ ಅವಮಾನವಾಯಿತು, ಸುಳ್ಳು ಯಾಕೆ ಹೇಳಲಿ. ಮೂರನೇ ದಿನ ಜಾರಿ ಬಿದ್ದೆ, ಕಾಲೇಜಿಗೆ ಹೋಗುವುದೇ ನಿಂತಿತು. ಪ್ರಿನ್ಸಿಪಾಲರು ನನ್ನ ಪಾಠಗಳನ್ನು ಬೇರೆಯವರಿಗೆ ಹಂಚಿದರು. “ಈ ತಿಂಗಳು ಹೆಂಗಾರ ನಡಸ್ತೀನಿ ಮೇಡಂ. ಮುಂದಿನ ತಿಂಗಳೂ ಹಿಂಗ ಆದ್ರ ಬ್ಯಾರೆಯವ್ರನ್ನ ನೋಡಬೇಕಾಕ್ಕತಿ,” ಅಂದರು. ಫೋನಿನಲ್ಲಿ ಅಣ್ಣ, “ಆಗುವುದಿಲ್ಲ ಅಂದರೆ ವಾಪಸ್ ಬಾ, ನಿನ್ನ ಕೋಣೆ ಹಾಗೇ ಉಂಟು,” ಅಂದ. ಹಾಗೇ ಇರುವ ಆ ಕೋಣೆಯಿಂದ ಹೊರಗೆ ಬರಲು ನನಗೆ ಮೂವತ್ತೆಂಟು ವರ್ಷ ಬೇಕಾಗಿತ್ತು.

ಇನ್ನು ಪಾಸಿಂಗ್. ಗಾಡಿಯನ್ನು ಆರ್‌ಟಿಓ ಮೈದಾನಕ್ಕೆ ಒಯ್ದು ಇನ್‌ಸ್ಪೆಕ್ಟರಿಗೆ ತೋರಿಸಿ, ರಸ್ತೆಗೆ ಯೋಗ್ಯ ಎಂದು ಸಹಿ ಪಡೆಯುವುದಕ್ಕೆ ಇಲ್ಲಿ ಹಾಗೆನ್ನುತ್ತಾರೆ. ಈ ಊರಿನಲ್ಲಿ ಅದು ಮದುವೆ, ನಾಮಕರಣದಷ್ಟೇ ಸಾಮಾನ್ಯ ಮಾತು. “ನಮ್ಮ ಗಾಡಿ ಪಾಸಿಂಗ್ ಐತ್ರಿ” ಅಂದರೆ ಕೆಲಸಕ್ಕೂ ರಜೆ ಸಿಗುತ್ತದೆ. ಆದರೆ ನನ್ನ ಕಾರಿನ ಪಾಸಿಂಗ್ ಯಾವ ಜಾತಿಯದು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಆಫೀಸಿನ ಮುಂದಿನ ಬೇವಿನ ಮರದ ಕೆಳಗೆ ಕೂರುವ ಏಜೆಂಟರಲ್ಲಿ ಒಬ್ಬರು, ಮೊದಲು ವಿಳಾಸ ಬದಲಾಗಬೇಕು ಅಂದರು. ಇನ್ನೊಬ್ಬರು, ಮೊದಲು ರಾಡು ಸೇರಬೇಕು ಅಂದರು. ಇನ್ಶೂರೆನ್ಸಿನವರು ಫೋನಿನಲ್ಲಿ, ನೀವು ಮೊದಲು ಅವರನ್ನು ಕೇಳಿ ಅಂದರು. ಅವರು ಅಂದರೆ ಯಾರು ಅಂತ ಕೇಳುವಷ್ಟರಲ್ಲಿ ಫೋನು ಕಟ್. ಒಬ್ಬ ಲಾರಿ ಡ್ರೈವರಂತೂ ಕನಿಕರದಿಂದ, “ಬಾಡಿ ಎತ್ತರ ಮಾಡ್ಸೀರೇನ್ರಿ ಅಕ್ಕಾ?” ಅಂತ ಕೇಳಿದ. ಕೊನೆಗೆ ಕೌಂಟರಿನ ಗುಮಾಸ್ತೆ, “ಕುಂದ್ರಿ ಮೊದ್ಲು,” ಅಂತ ಕುರ್ಚಿ ಎಳೆದು ಮೂರು ಸಲ ಬಿಡಿಸಿ ಹೇಳಿದರು. ಎರಡೂ ಅರ್ಜಿ ಒಟ್ಟಿಗೆ ಕೊಡಬಹುದಂತೆ. ವೈದ್ಯರ ಪ್ರಮಾಣಪತ್ರ, ವರ್ಕ್‌ಶಾಪಿನ ಕಾಗದ, ಆಮೇಲೆ ಇನ್‌ಸ್ಪೆಕ್ಟರ್ ಕಾರು ನೋಡಬೇಕು. ಬುಧವಾರ ಬೆಳಿಗ್ಗೆ ಬನ್ನಿ ಅಂದರು. ಮೂರನೇ ಸಲಕ್ಕೆ ನನಗೆ ಅರ್ಧ ಅರ್ಥವಾಯಿತು.

ಗೌರಮ್ಮನವರು ತಮ್ಮ ಗಿರಣಿಯ ಲಾರಿ ನೋಡಿಕೊಳ್ಳುವ ಮೆಕ್ಯಾನಿಕ್ ಮಾಬುಸಾಬರನ್ನು ಗುರುತು ಮಾಡಿಕೊಟ್ಟರು. ಐವತ್ತು ದಾಟಿದ ಮನುಷ್ಯ, ಕಿವಿಯ ಹಿಂದೆ ಸದಾ ಒಂದು ಪೆನ್ಸಿಲ್. ಮಂಗಳವಾರ ಬಂದು ಕಾರು ಒಯ್ದರು. “ನಾಳೆ ಪಾಸಿಂಗ್. ಚೆಂದ ಮಾಡಿ ರೆಡಿ ಮಾಡಿಕೊಡಿ,” ಅಂದೆ.

“ಮಸ್ತ್ ಮಾಡ್ತೀನ್ರಿ ಮೇಡಂ. ನನ್ನ ಕೈಯಾಗ ಬಂದ ಗಾಡಿ ಇವತ್ತಿನ ತನ ಒಂದೂ ವಾಪಸ್ ಬಂದಿಲ್ಲ. ನೀವು ಆಟೋದಾಗ ಸೀದಾ ಮೈದಾನಕ್ಕ ಬರ್ರಿ.”

ಬುಧವಾರ ಹೋದೆ. ಸಾಲಾಗಿ ನಿಂತ ಲಾರಿ, ಜೀಪುಗಳ ಕೊನೆಗೆ ನನ್ನ ಕಾರು ಹೊಳೆಯುತ್ತಿತ್ತು. ಊರು ಬಿಟ್ಟ ಮೇಲೆ ಮೊದಲ ಬಾರಿಗೆ ಅದು ಬಿಳಿ. ಮುಂದೆ ನಿಂಬೆಹಣ್ಣು, ಮೆಣಸಿನಕಾಯಿ. ಮಾಬುಸಾಬರು ಮದುಮಗಳ ಮುಸುಕು ಸರಿಸುವ ಹಾಗೆ ಬಾಗಿಲು ತೆರೆದರು.

ರಾಡು ಇರಲಿಲ್ಲ.

“ಎಲ್ಲಿ?” ಅಂದೆ.

“ಬಿಚ್ಚಿ ಇಟ್ಟೀನ್ರಿ. ಒಂದು ಬೋಲ್ಟಿನ ಗುರುತೂ ಕಾಣಂಗಿಲ್ಲ, ನೋಡ್ರಿ ಬೇಕಾದ್ರ. ಥೇಟ್ ಕಂಪನಿ ಗಾಡಿ! ಪಾಸಿಂಗ್ ಮುಗೀಲಿ, ಮಧ್ಯಾಹ್ನ ಮತ್ತ ಹಚ್ಚಿ ಕೊಡ್ತೀನಿ.”

ಅಯ್ಯೋ ದೇವರೇ! “ನಿಮಗೆ ಮಂಡೆ ಸಮ ಉಂಟಾ? ಅದನ್ನು ತೋರಿಸಲಿಕ್ಕೇ ಅಲ್ಲವಾ ನಾನು ಬಂದದ್ದು?” ಅಂತ ಕೂಗಿದೆ. ಕೋಪದಲ್ಲಿ ಉಡುಪಿಯೇ ಬಾಯಿಗೆ ಬಂತು. ಅವರಿಗೆ ಎಷ್ಟು ಅರ್ಥವಾಯಿತೋ, ಮುಖ ಮಾತ್ರ ಇಳಿದುಹೋಯಿತು. ಸುತ್ತಲಿನ ಡ್ರೈವರುಗಳು ತಿರುಗಿ ನೋಡಿದರು.

ಮಾಬುಸಾಬರು ಕಿವಿಯ ಪೆನ್ಸಿಲ್ ತೆಗೆದು ಮತ್ತೆ ಸಿಗಿಸಿಕೊಂಡು ನಿಧಾನವಾಗಿ ಹೇಳಿದರು: “ತೋರ್ಸಾಕಂತ ಯಾರು ತರ್ತಾರ್ರಿ ಇಲ್ಲಿ? ಮೂವತ್ತು ವರ್ಷ ಆತು ಈ ಕೆಲಸ ಮಾಡಾಕತ್ತಿ. ಹೆಚ್ಚಿಗಿ ಲೋಡ್ ತುಂಬಾಕ ಲಾರಿ ಎತ್ತರ ಮಾಡಿಸಿದ್ರ ಪಾಸಿಂಗ್ ದಿನ ಹಲಗಿ ಬಿಚ್ಚತೀವಿ. ಜೀಪಿನ ದೊಡ್ಡ ಲೈಟು, ಡಬಲ್ ಹಾರನ್ನು, ಹೆಚ್ಚಿನ ಸೀಟು ಎಲ್ಲಾ ಬಿಚ್ಚತೀವಿ, ಸಂಜಿಗೆ ಮತ್ತ ಹಚ್ಚತೀವಿ. ಮುಚ್ಚೋದಷ್ಟೇ ಗೊತ್ತು ನನಗ. ನೀವೂ ಅದಕ್ಕಂತನ ಕೊಟ್ಟೀರಿ ಅಂದ್ಕೊಂಡೆ. ತಪ್ಪಾತಕ್ಕಾ.”

ಮೇಡಂ ಹೋಗಿ ಅಕ್ಕ ಆಗಿದ್ದೆ. ಈ ಮನುಷ್ಯನಿಗೆ ನಾನೇನು ಹೇಳಲಿ? ನಾನೂ ಮಾಡಿದ್ದು ಅದೇ ಕೆಲಸ. ಮನೆ ನೋಡಲು ಬಂದ ದಿನ ಕಾರಿನಿಂದ ಇಳಿಯದೆ ಮಾತಾಡಿ ಮುಂಗಡ ಕೊಟ್ಟವಳು. ಕಾಲೇಜಿಗೆ ಎಲ್ಲರಿಗಿಂತ ಅರ್ಧ ಗಂಟೆ ಮೊದಲೇ ಹೋಗಿ ಕುರ್ಚಿಯಲ್ಲಿ ಕೂತುಬಿಡುವವಳು, ನಡೆಯುವುದು ಕಾಣಬಾರದೆಂದು. ಹಂಪಿ ಇಲ್ಲಿಂದ ಕೂಗಳತೆ ಅನ್ನುವಷ್ಟು ಹತ್ತಿರ. ಸಹೋದ್ಯೋಗಿಗಳು ಕರೆದಾಗ ತಲೆನೋವು ಅಂದವಳು. ಅಷ್ಟೆಲ್ಲ ಮುಚ್ಚಿಟ್ಟವಳು ಇವರು ಒಂದು ರಾಡು ಮುಚ್ಚಿಟ್ಟದ್ದಕ್ಕೆ ಮೈದಾನದ ನಡುವೆ ಕೂಗಾಡುತ್ತಿದ್ದೆ. ನಾಚಿಕೆಯಾಯಿತು. ಕೋಪವೂ ಹೋಗಿರಲಿಲ್ಲ, ಎರಡೂ ಒಟ್ಟಿಗೆ ಇದ್ದವು.

ಅಷ್ಟರಲ್ಲಿ ಇನ್‌ಸ್ಪೆಕ್ಟರ್ ಫೈಲು ಹಿಡಿದು ಬಂದರು. ಕಾರಿನೊಳಗೆ ನೋಡಿದರು, ಫೈಲು ನೋಡಿದರು, ಮತ್ತೆ ಕಾರು ನೋಡಿದರು. “ಇದರಾಗ ಏನು ಪಾಸ್ ಮಾಡ್ಲಿ ಅಮ್ಮಾ? ಏನೂ ಇಲ್ಲಲ್ಲ!”

ನಾನೇ ಹೇಳಿದೆ, ಏನಾಯಿತೆಂದು, ಒಂದನ್ನೂ ಬಿಡದೆ. ಹಿಂದೆ ಯಾರೋ ಡ್ರೈವರು ಕಿಸಕ್ಕನೆ ನಕ್ಕ. ಇನ್‌ಸ್ಪೆಕ್ಟರ್ ನಗಲಿಲ್ಲ. ನಾಲ್ಕು ಗಂಟೆಯೊಳಗೆ ಸರಿಯಾಗಿ ಕೂರಿಸಿ ತೋರಿಸಿದರೆ ನೋಡುತ್ತೇನೆ, ಇಲ್ಲದಿದ್ದರೆ ಹೊಸ ದಿನ ಪಡೆಯಬೇಕು ಅಂದರು. ಹೊಸ ದಿನ ಅಂದರೆ ಮುಂದಿನ ತಿಂಗಳು. ಅಷ್ಟರಲ್ಲಿ ನನ್ನ ಪಾಠ ಬೇರೆಯವರದಾಗಿರುತ್ತಿತ್ತು.

ಮಾಬುಸಾಬರು ಬೈಕು ಹತ್ತಿ ಹೋದವರು ಗೋಣಿಚೀಲದಲ್ಲಿ ರಾಡು ತಂದರು. ಬೇವಿನ ಮರದ ನೆರಳಿಗೆ ಕಾರು ತಂದು ಬೆನ್ನ ಮೇಲೆ ಮಲಗಿ ಪೆಡಲುಗಳ ಕೆಳಗೆ ತೂರಿಕೊಂಡರು. ನಾನು ಸೀರೆಗಳ ಮಧ್ಯದಿಂದ ಹುಡುಕಿ ತಂದಿದ್ದ ವರ್ಕ್‌ಶಾಪಿನ ಕಾಗದ ಹಿಡಿದು ಯಾವ ಬೋಲ್ಟು ಎಲ್ಲಿ ಎಂದು ಓದಿ ಹೇಳಿದೆ. ನಕ್ಕಿದ್ದ ಡ್ರೈವರೇ ತನ್ನ ಲಾರಿಯಿಂದ ಸ್ಪ್ಯಾನರ್ ತಂದು ಕೊಟ್ಟ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದಿದ್ದ ಒಬ್ಬರು, “ಇನ್ನೊಂದು ಸುತ್ತು ಬಿಗಿ ಮಾಡೋ ಮಾರಾಯ,” ಅಂದರು. ಮಾರಾಯ! ಆ ಶಬ್ದ ಇಲ್ಲೂ ಉಂಟು ಅಂತ ಅವತ್ತೇ ಗೊತ್ತಾದದ್ದು.

ಮೂರೂವರೆಗೆ ಇನ್‌ಸ್ಪೆಕ್ಟರ್ ಬಂದರು. ಒಂದೊಂದೇ ಬೋಲ್ಟು ಅಲ್ಲಾಡಿಸಿ ನೋಡಿದರು. “ಇನ್ನ ನೀವು ಓಡಿಸಿ ತೋರಿಸ್ರಿ,” ಅಂದರು.

ಮರದ ಕಟ್ಟೆಯಿಂದ ಕಾರಿಗೆ ಇಪ್ಪತ್ತು ಹೆಜ್ಜೆ. ಮೈದಾನದ ತುಂಬ ಗಂಡಸರು, ಎಲ್ಲರ ಕಣ್ಣೂ ನನ್ನ ಮೇಲೆ. ಕೋಲೂರಿ, ಬಲಗಾಲು ಎಳೆದುಕೊಂಡು ಅಷ್ಟೂ ದೂರ ನಡೆದೆ. ಕಾಲನ್ನು ನೋಡಿದವರಿಲ್ಲ. ಅವರೆಲ್ಲ ರಾಡು ಕೆಲಸ ಮಾಡುತ್ತದೋ ಇಲ್ಲವೋ ಎಂಬ ಚಿಂತೆಯಲ್ಲಿದ್ದರು. ಇನ್‌ಸ್ಪೆಕ್ಟರ್ ಪಕ್ಕದಲ್ಲಿ ಕೂತರು. ಒಂದು ಸುತ್ತು, ಎರಡು ಸುತ್ತು. ಮೂರು ಸಲ ಇದ್ದಕ್ಕಿದ್ದಂತೆ “ನಿಲ್ಲಿಸ್ರಿ” ಅಂದರು, ಮೂರು ಸಲವೂ ಸುಣ್ಣದ ಗೆರೆಯ ಈಚೆಗೇ ಕಾರು ನಿಂತಿತು. ಕೊನೆಯ ಸಲ ಮೈದಾನದ ಒಂದಿಬ್ಬರು ಹಾರನ್ ಹೊಡೆದರು. ಮಾಬುಸಾಬರು ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು.

ಹೊಸ ಆರ್‌ಸಿ ಕಾರ್ಡು ಅಂಚೆಯಲ್ಲಿ ಬಂತು. ನಂಬರು ಉಡುಪಿಯದು, ವಿಳಾಸ ಹೊಸಪೇಟೆಯದು, ರಾಡಿಗೂ ಒಂದು ಸಾಲು. ಗೌರಮ್ಮನವರು ಅದಕ್ಕೆ ಕುಂಕುಮ ಹಚ್ಚಿ ಕೊಟ್ಟರು. ನನ್ನ ಪಾಠಗಳು ನನಗೆ ವಾಪಸ್ ಬಂದವು. ಈಗ ಸರ್ವೀಸಿಗೆ ಕಾರು ಬಿಟ್ಟಾಗಲೆಲ್ಲ ಮಾಬುಸಾಬರು ಮೊದಲು ಕೇಳುವುದು ಒಂದೇ: “ಅಕ್ಕಾ, ತೋರ್ಸೋದೋ, ಮುಚ್ಚೋದೋ?”

ಹೋದ ತಿಂಗಳು ಅಣ್ಣನ ಮೊಮ್ಮಗುವಿನ ನಾಮಕರಣಕ್ಕೆ ಊರಿಗೆ ಹೋದೆ, ನಾನೇ ಓಡಿಸಿಕೊಂಡು. ಸಭಾಭವನದ ಮುಂದೆ ಕಾರು ನಿಲ್ಲಿಸುವ ಹೊತ್ತಿಗೆ ಅಣ್ಣ ಓಡಿ ಬಂದ. “ಈಚೆಯಿಂದ ಬಾ, ಅಡುಗೆಯವರ ಬಾಗಿಲು ಉಂಟಲ್ಲ, ಯಾವಾಗಿನ ಹಾಗೆ. ಅಲ್ಲಿ ಮೆಟ್ಟಿಲಿಲ್ಲ, ಯಾರೂ ನೋಡುವುದೂ ಇಲ್ಲ.” ಅವನ ಪ್ರೀತಿಯಲ್ಲಿ ಕೊರತೆ ಇಲ್ಲ. ಜೀವಮಾನವಿಡೀ ನಾನು ಹೊಕ್ಕದ್ದು ಆ ಬಾಗಿಲುಗಳಿಂದಲೇ. ಕೈ ಇನ್ನೂ ರಾಡಿನ ಮೇಲಿತ್ತು. ರಾಡು ಬಿಟ್ಟು ಕೋಲು ಹಿಡಿದು ಇಳಿದೆ, ಮುಂದಿನ ಬಾಗಿಲಿಗೇ ಹೋದೆ.

ಏಳು ಮೆಟ್ಟಿಲು. ನಾಲ್ಕನೆಯದರಲ್ಲಿ ಸಣ್ಣತ್ತೆ ಗಾಬರಿಯಿಂದ ಬಂದು ತೋಳು ಹಿಡಿದು ಎಳೆದರು. “ತಡೀರಿ, ಜಲ್ದಿ ಮಾಡಬ್ಯಾಡ್ರಿ, ನಾ ಬರ್ತೀನಿ,” ಅಂದುಬಿಟ್ಟೆ. ಬಾಗಿಲಲ್ಲಿ ನಿಂತವರೆಲ್ಲ ಗೊಳ್ಳೆಂದು ನಕ್ಕರು. “ಇದೆಂತ ಭಾಷೆ ಮಾರಾಯ್ತಿ? ನೀನು ಈಗ ಎಲ್ಲಿಯವಳು?” ಅಂತ ಸಣ್ಣತ್ತೆ ಕೇಳಿದರು.

ಉತ್ತರ ಮೇಲೆ ಹೋಗಿ ಹೇಳಿದರಾಯಿತು. ಇನ್ನೂ ಮೂರು ಮೆಟ್ಟಿಲು ಉಳಿದಿದ್ದವು. ಎಲ್ಲರೂ ನೋಡುತ್ತಿದ್ದ ಹಾಗೆ, ಮೊದಲು ಅವನ್ನು ಹತ್ತಿದೆ.