ಬರೀ ಬಂಡೆ ಕಣಕ್ಕ!

"ಬಾರೇ ಇಲ್ಲಿ! ಈ ಮರ ನೋಡೇ, ಮೈತುಂಬಾ ಜುಮ್ಕಿ ಹಾಕ್ಕೊಂಡು ನಿಂತಿದೆ!" ಸಾವನದುರ್ಗದ ಬೆಟ್ಟದ ಅರ್ಧ ದಾರಿಯಲ್ಲಿ ನನ್ನ ಅಕ್ಕ ಚಪ್ಪಲಿ ಕೈಯಲ್ಲಿ ಹಿಡಿದು ಕಿರುಚಿದಳು. ಕಕ್ಕೆ ಮರದ ತುಂಬ ಹಳದಿ ಗೊಂಚಲು. ಮಕರಂದ ಹೀರುವ ಪುಟಾಣಿ ಸೂರಕ್ಕಿಗಳು ಒಂದನ್ನೊಂದು ಅಟ್ಟಿಸಿಕೊಂಡು ಹೂವಿಂದ ಹೂವಿಗೆ ಹಾರುತ್ತಿದ್ದವು.

ಅಕ್ಕ ತಟ್ಟನೆ ನನ್ನತ್ತ ತಿರುಗಿದಳು. "ಬರೀ ಬಂಡೆ ಅಂದಿದ್ದೆಯಲ್ಲೇ, ಕಳ್ಳಿ!"

ಹೌದು, ಅಂದಿದ್ದೆ. ವಿಜಯನಗರದಲ್ಲಿ ನಾನು ಕೆಲಸ ಮಾಡುವ ಹೊಲಿಗೆ ಅಂಗಡಿಯ ಗೆಳತಿಯರ ಜೊತೆ ಬೆಟ್ಟಕ್ಕೆ ಹೊರಟಾಗಲೆಲ್ಲ ಅಕ್ಕ "ನಾನೂ ಬರ್ಲಾ?" ಎನ್ನುತ್ತಿದ್ದಳು. ಅವಳದು ಕುಂಟು ನಡಿಗೆ. ಅವಳಿಗಾಗಿ ಹಿಂದುಳಿಯಲು ಮನಸ್ಸಿಲ್ಲದೆ "ಅಲ್ಲೇನಿದೆ, ಬರೀ ಬಂಡೆ ಕಣಕ್ಕ" ಎಂದು ತಪ್ಪಿಸಿಕೊಳ್ಳುತ್ತಿದ್ದೆ. ಈ ಸಲ ಗೆಳತಿಯರು ಕೈಕೊಟ್ಟಿದ್ದಕ್ಕೆ ಕರೆತಂದಿದ್ದೆ, ಅಷ್ಟೆ. ತಮಾಷೆಯೆಂದರೆ, ಓಡೋಡಿ ಬೆಟ್ಟ ಹತ್ತುತ್ತಿದ್ದ ನಾನೂ ಆ ಮರವನ್ನು ಕಂಡಿದ್ದು ಅವತ್ತೇ.

"ತಪ್ಪಾಯ್ತಕ್ಕ" ಎನ್ನುವಷ್ಟರಲ್ಲಿ ಅವಳು ಉದುರಿದ ಗೊಂಚಲೊಂದನ್ನು ನನ್ನ ಕಿವಿಗೆ ಸಿಕ್ಕಿಸಿದಳು. ನಮ್ಮಿಬ್ಬರ ನಗುವಿಗೆ ಸೂರಕ್ಕಿಗಳೆಲ್ಲ ಬೆದರಿ ಹಾರಿದವು.

ಈಗ ಯಾವ ಜಾಗದ ಬಗ್ಗೆಯಾದರೂ ನಾನು "ಅಲ್ಲೇನಿಲ್ಲ ಬಿಡಕ್ಕ" ಎಂದರೆ ಸಾಕು, ಅಕ್ಕ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿರುತ್ತಾಳೆ.